ಕಾರಿನ ಡಿಕ್ಕಿಗೊಂದು ಫೈಬರ್ ಗ್ಲಾಸ್ ಸ್ಪೀಕರ್ ಪೆಟ್ಟಿಗೆ: ಅಳತೆ ಮೊದಲು, ಅಂದ ಆಮೇಲೆ



ಕಳೆದ ಪಿಕ್ನಿಕ್ಕಿನ ದಿನ ನನ್ನ ಕಾರಿನ ಡಿಕ್ಕಿ ತೆರೆದಾಗ "ಇದನ್ನು ಎಲ್ಲಿ ಮಾಡಿಸಿದ್ದು?" ಎಂದು ನಾಲ್ಕಾರು ಮಂದಿ ಕೇಳಿದರು. ಮಾಡಿಸಿದ್ದಲ್ಲ, ನಾನೇ ಮಾಡಿದ್ದು. ಅದೂ ಎರಡನೆಯ ಪ್ರಯತ್ನದಲ್ಲಿ. ಮೊದಲನೆಯದು ಕಸದ ತೊಟ್ಟಿ ಸೇರಿತು. ಅದು ಏಕೆ ಹಾಳಾಯಿತು ಎಂಬುದನ್ನೂ ಬರೆಯಿರಿ ಎಂದು ಸಂಪಾದಕರು ಹೇಳಿದ್ದರಿಂದ ಈ ಪಾಠ.

ಪೆಟ್ಟಿಗೆ ಏಕೆ ಬೇಕು?

ಸ್ಪೀಕರಿನ ಕೋನ್ ಮುಂದೆ ಬಂದಾಗ ಎದುರಿನ ಗಾಳಿಯ ಒತ್ತಡ ಹೆಚ್ಚುತ್ತದೆ, ಹಿಂದಿನದು ಕಡಿಮೆಯಾಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಈ ಎರಡು ಅಲೆಗಳು ಅಂಚಿನಲ್ಲಿ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. ಮಂದ್ರ ಧ್ವನಿ ಕೇಳಿಸುವುದೇ ಇಲ್ಲ. ಮುಚ್ಚಿದ ಪೆಟ್ಟಿಗೆ ಹಿಂದಿನ ಅಲೆಯನ್ನು ತಡೆಯುತ್ತದೆ. ಜೊತೆಗೆ ಒಳಗೆ ಸಿಕ್ಕಿಕೊಂಡ ಗಾಳಿ ಸ್ಪ್ರಿಂಗಿನಂತೆ ಕೋನನ್ನು ಹಿಡಿತದಲ್ಲಿಡುತ್ತದೆ. ಈ ತತ್ವದ ಮೇಲೆ ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಸಣ್ಣ ಪೆಟ್ಟಿಗೆಯ ಸ್ಪೀಕರ್ ತಂದರು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ವೀಣೆಯ ಕೊಡ ತಂತಿಯ ಜೊತೆ ತಾನೂ ನುಡಿಯಬೇಕು. ಸ್ಪೀಕರಿನ ಪೆಟ್ಟಿಗೆ ಹಾಗಲ್ಲ, ಅದು ಬಾಯಿ ಮುಚ್ಚಿಕೊಂಡಿರಬೇಕು. ಗೋಡೆ ಅದುರಿದರೆ ಧ್ವನಿ ಕೆಟ್ಟಂತೆ. ಫೈಬರ್ ಗ್ಲಾಸ್ ಬಾಗಿದ ಆಕಾರದಲ್ಲಿ ಬಹಳ ಗಟ್ಟಿ. ಜೊತೆಗೆ ಡಿಕ್ಕಿಯ ಮೂಲೆಯಲ್ಲಿ, ಚಕ್ರದ ಹಿಂದಿನ ಪೋಲು ಜಾಗದಲ್ಲಿ ಸರಿಯಾಗಿ ಕೂರುತ್ತದೆ.

ಎಷ್ಟು ಲೀಟರ್?

ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಅವರ ನಂತರ ರಿಚರ್ಡ್ ಸ್ಮಾಲ್ 1970ರ ದಶಕದ ಆರಂಭದಲ್ಲಿ ಇದಕ್ಕೆ ಲೆಕ್ಕ ಹಾಕಿಕೊಟ್ಟರು. ಸ್ಪೀಕರಿನ ಜೊತೆ ಬರುವ ಕಾಗದದಲ್ಲಿ ಮೂರು ಸಂಖ್ಯೆ ಹುಡುಕಿ: ಎಫ್.ಎಸ್., ಕ್ಯೂ.ಟಿ.ಎಸ್., ವಿ.ಎ.ಎಸ್. ನನ್ನದರಲ್ಲಿ ಇವು 30 ಹರ್ಟ್ಸ್, 0.45 ಮತ್ತು 40 ಲೀಟರ್.

ಮುಚ್ಚಿದ ಪೆಟ್ಟಿಗೆಯಲ್ಲಿ ಕ್ಯೂ 0.707 ಬಂದರೆ ಧ್ವನಿ ಉಬ್ಬುತಗ್ಗಿಲ್ಲದೆ ಸಮವಾಗಿರುತ್ತದೆ.

0.707 ÷ 0.45 = 1.57
ಅದರ ವರ್ಗ 2.47, ಒಂದು ಕಳೆದರೆ 1.47
40 ÷ 1.47 = ಸುಮಾರು 27 ಲೀಟರ್

ಸ್ಪೀಕರಿನ ಹಿಂಭಾಗವೇ ಸುಮಾರು 2 ಲೀಟರ್ ಜಾಗ ತಿನ್ನುತ್ತದೆ. ಆದ್ದರಿಂದ ಒಳ ಅಳತೆ 29 ಲೀಟರ್ ಬೇಕು.

ಮೊದಲ ಸಲ ನಾನು ಈ ಲೆಕ್ಕ ಮಾಡಿದೆ, ಆದರೆ ಪೆಟ್ಟಿಗೆಯನ್ನು ಅಳೆಯಲಿಲ್ಲ. ಕಣ್ಣಂದಾಜಿಗೆ ದೊಡ್ಡದಾಗಿಯೇ ಕಂಡಿತು. ಎಲ್ಲ ಮುಗಿಸಿ ಬಣ್ಣ ಹೊಡೆದು ಯಕ್ಷಗಾನದ ಸಿ.ಡಿ. ಹಾಕಿದರೆ ಮದ್ದಳೆಯ ಪೆಟ್ಟುಗಳು ಬಿಡಿಬಿಡಿಯಾಗಿ ಕೇಳಿಸದೆ ಎಲ್ಲವೂ ಒಂದೇ "ಬೂಂ". ಆಮೇಲೆ ಅಳೆದರೆ 14 ಲೀಟರ್! ಸ್ಪೀಕರಿನ ಜಾಗ ಕಳೆದರೆ ಉಳಿದದ್ದು 12. ಕ್ಯೂ 0.94ಕ್ಕೆ ಏರಿತ್ತು, ಅನುರಣನ 47ರ ಬದಲು 62 ಹರ್ಟ್ಸ್‌ಗೆ ಹೋಗಿತ್ತು. ಬಾಗಿದ ಆಕಾರದಲ್ಲಿ ಕಣ್ಣನ್ನು ನಂಬಬೇಡಿ.

ಮಾಡುವ ಕ್ರಮ

1. ಡಿಕ್ಕಿಯ ಮೂಲೆಗೆ ಎರಡು ಪದರ ಮಾಸ್ಕಿಂಗ್ ಟೇಪ್, ಅದರ ಮೇಲೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ. ಉಳಿದ ಭಾಗಕ್ಕೆಲ್ಲ ಪ್ಲಾಸ್ಟಿಕ್ ಹಾಳೆ ಹೊದಿಸಿ. ಕಾರು ಬಯಲಿನಲ್ಲೇ ಇರಲಿ.

2. 450 ಗ್ರಾಂ ತೂಕದ ಮ್ಯಾಟ್ (ಒಂದು ಚದರ ಮೀಟರಿಗೆ 450 ಗ್ರಾಂ) ತೆಗೆದುಕೊಳ್ಳಿ. ಕತ್ತರಿಸುವ ಬದಲು ಅಂಚನ್ನು ಹರಿದರೆ ತುಂಡುಗಳು ಚೆನ್ನಾಗಿ ಬೆಸೆಯುತ್ತವೆ. ಎರಡು ಪದರ ಹಾಕಿ, ರೋಲರಿನಿಂದ ಗಾಳಿಗುಳ್ಳೆ ಹೊರಡಿಸಿ. ಗಟ್ಟಿಯಾದ ಮೇಲೆ ಕಿತ್ತು, ನೆಲದ ಮೇಲಿಟ್ಟು ಹೊರಗಿನಿಂದ ಇನ್ನೂ ಮೂರು ಪದರ ಹಾಕಿ. ಪದರವೊಂದಕ್ಕೆ ಸುಮಾರು 1 ಮಿಲಿಮೀಟರ್ ದಪ್ಪ ಬರುತ್ತದೆ. ಮ್ಯಾಟಿನ ತೂಕದ ಎರಡರಿಂದ ಎರಡೂವರೆ ಪಟ್ಟು ರೆಸಿನ್ ಬೇಕು.

3. 18 ಮಿಲಿಮೀಟರ್ ಎಂ.ಡಿ.ಎಫ್. ಹಲಗೆಯಲ್ಲಿ ಸ್ಪೀಕರಿನ ಉಂಗುರ ಕೊಯ್ದು, ಮರದ ಕಾಲುಗಳ ಮೇಲೆ ನಿಲ್ಲಿಸಿ. ಡಿಕ್ಕಿಯಲ್ಲಿಟ್ಟು ಬಾಗಿಲು ಮುಚ್ಚುತ್ತದೆಯೇ ನೋಡಿ.

4. ಹಳೆಯ ಸ್ವೆಟ್‌ಶರ್ಟಿನಂಥ ಎಳೆದರೆ ಹಿಗ್ಗುವ ಬಟ್ಟೆಯನ್ನು ಉಂಗುರದಿಂದ ಅಂಚಿನವರೆಗೆ ಬಿಗಿಯಾಗಿ ಎಳೆದು ಸ್ಟೇಪಲ್ ಹೊಡೆದು ರೆಸಿನ್ ಬಳಿಯಿರಿ.

5. ಬಟ್ಟೆ ಪೂರ್ತಿ ಗಟ್ಟಿಯಾದ ಮೇಲೆ ಅಳೆಯಿರಿ. ಇದೇ ಮುಖ್ಯ ಹಂತ. ಪ್ಯಾಕಿಂಗಿಗೆ ಬಳಸುವ ಥರ್ಮೋಕೋಲ್ ಕಾಳನ್ನು ಒಂದು ಲೀಟರ್ ಜಗ್ಗಿನಲ್ಲಿ ಎಣಿಸುತ್ತ ತುಂಬಿಸಿ. ಮುಂದಿನ ಮ್ಯಾಟ್ ಒಳಗಿನಿಂದ ಹಾಕುವುದಾದರೆ ಅದಕ್ಕೆ ಇನ್ನೂ ಒಂದು ಲೀಟರ್ ಸೇರಿಸಿ. ನನಗೆ 30 ಬೇಕಿತ್ತು. ಕಡಿಮೆ ಬಂದರೆ ಈಗಲೇ ಬಟ್ಟೆ ಕೊಯ್ದು ಉಂಗುರ ಎತ್ತರಿಸಬಹುದು. ನಮ್ಮ ಸಾಫ್ಟ್‌ವೇರಿನಂತೆ ಒಂದು ಕೀಲಿ ಒತ್ತಿ ಹಿಂದಕ್ಕೆ ಹೋಗುವ ಸೌಕರ್ಯ ಇದರ ನಂತರ ಇಲ್ಲ.

6. ಬಟ್ಟೆಯ ಒಳಗಿನಿಂದ ನಾಲ್ಕು ಪದರ ಮ್ಯಾಟ್ ಹಾಕಿ. ಒಣಗಿದ ಮೇಲೆ ಹಲಸಿನ ಹಣ್ಣು ತಟ್ಟಿ ನೋಡುವಂತೆ ಎಲ್ಲ ಕಡೆ ತಟ್ಟಿ. ಎಲ್ಲಿ ಟೊಳ್ಳು ಸದ್ದು ಬರುತ್ತದೋ ಅಲ್ಲಿ ಇನ್ನೊಂದು ಪದರ.

ನಮ್ಮ ಬಹರೈನಿನ ಸೆಕೆ

ಪುಸ್ತಕದ ಸೂಚನೆಗಳೆಲ್ಲ 20-25 ಡಿಗ್ರಿಯ ಊರಿಗೆ ಬರೆದವು. ನಾನು ಜೂನ್ ತಿಂಗಳ ಶುಕ್ರವಾರ ಮಧ್ಯಾಹ್ನ, ಮನೆಯ ಕಾರ್ ಶೆಡ್ಡಿನಲ್ಲಿ, ಬಣ್ಣದ ಡಬ್ಬಿಯಲ್ಲಿ ಒಂದು ಕಿಲೋ ರೆಸಿನ್ನಿಗೆ 2 ಶೇಕಡಾ ಹಾರ್ಡನರ್ ಹಾಕಿ ಕಲಸಿದೆ. ಬ್ರಷ್ ಹುಡುಕಿ ಬರುವಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಐದು ವರ್ಷದ ಮಗಳು "ಪಪ್ಪಾ, ಹೊಗೆ!" ಎಂದಳು. ಡಬ್ಬಿ ಕುದಿಯುತ್ತಿತ್ತು. ಮಗಳನ್ನು ಒಳಗೆ ಕಳಿಸಿ, ದಪ್ಪ ಗ್ಲೌಸ್ ಹಾಕಿ ಡಬ್ಬಿಯನ್ನು ಹೊರಗಿನ ಮರಳಿನ ಮೇಲೆ ಇಟ್ಟೆ. ಏನೂ ಆಗಲಿಲ್ಲ. ಆದರೆ ಆ ದಿನ ರಾತ್ರಿ ನಿದ್ದೆ ಬರಲಿಲ್ಲ.

ಮುಹರ್ರಕ್ಕಿನಲ್ಲಿ ಫೈಬರ್ ದೋಣಿ ರಿಪೇರಿ ಮಾಡುವ ಮಲ್ಪೆ ಕಡೆಯ ಹಿರಿಯರೊಬ್ಬರಿಗೆ ಇದನ್ನು ಹೇಳಿದೆ. "ಎಂಥದು ಮಾರಾಯ್ರೆ, ಇದು ಚಾ ಮಾಡಿದ ಹಾಗೆ ಒಂದೇ ಪಾತ್ರೆಯಲ್ಲಿ ಮಾಡುವುದಾ? ಲೋಟದಷ್ಟು ಕಲಸಿ, ಮುಗಿಸಿ, ಮತ್ತೆ ಕಲಸಿ" ಎಂದರು.

ಕಾರಣ ಸರಳ. ರೆಸಿನ್ ಗಟ್ಟಿಯಾಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ. ಆ ಬಿಸಿ ಕ್ರಿಯೆಯನ್ನು ಇನ್ನಷ್ಟು ವೇಗಗೊಳಿಸುತ್ತದೆ. ತೆಳ್ಳಗೆ ಹರಡಿದರೆ ಬಿಸಿ ಹಾರಿಹೋಗುತ್ತದೆ, ಡಬ್ಬಿಯಲ್ಲಿ ಅಲ್ಲೇ ಉಳಿಯುತ್ತದೆ. ಹತ್ತು ಡಿಗ್ರಿ ಏರಿದರೆ ಕೈಯಲ್ಲಿರುವ ಸಮಯ ಹೆಚ್ಚುಕಡಿಮೆ ಅರ್ಧವಾಗುತ್ತದೆ. ಇನ್ನೊಂದು ಮಾತು: ರೆಸಿನ್ನಿನಲ್ಲಿರುವ ಸ್ಟೈರೀನಿನ ಆವಿ ಸುಮಾರು 31 ಡಿಗ್ರಿಯಲ್ಲೇ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಮಟ್ಟ ತಲುಪುತ್ತದೆ. ನಮ್ಮ ಬೇಸಿಗೆಯ ಹಗಲು ಅದಕ್ಕಿಂತ ತಂಪಾಗಿರುವುದು ಅಪರೂಪ.

ಆದ್ದರಿಂದ ಈ ನಿಯಮಗಳನ್ನು ಪಾಲಿಸಿ:

- ಕೆಲಸ ಡಿಸೆಂಬರಿನಿಂದ ಫೆಬ್ರವರಿಯೊಳಗೆ ಮಾಡಿ. ತೇವದ ದಿನ ಬೇಡ, ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ.
- ಒಂದು ಸಲಕ್ಕೆ 200 ಗ್ರಾಂ ಮಾತ್ರ. ಹಾರ್ಡನರ್ ಸಿರಿಂಜಿನಲ್ಲಿ ಅಳೆಯಿರಿ: 2ರಿಂದ 4 ಗ್ರಾಂ, ಅಂದರೆ 1ರಿಂದ 2 ಶೇಕಡಾ. ಒಂದಕ್ಕಿಂತ ಕಡಿಮೆ ಹಾಕಿದರೆ ಸರಿಯಾಗಿ ಗಟ್ಟಿಯಾಗುವುದಿಲ್ಲ.
- ಹಾರ್ಡನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ ಕಡ್ಡಾಯ. ಬಿದ್ದರೆ ಕೂಡಲೇ 15 ನಿಮಿಷವಾದರೂ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.
- ಕೋಬಾಲ್ಟ್ ಆಕ್ಸಿಲರೇಟರನ್ನು ಹಾರ್ಡನರ್ ಜೊತೆ ನೇರ ಬೆರೆಸಬೇಡಿ, ಸ್ಫೋಟವಾಗುತ್ತದೆ. ಮೊದಲೇ ಬೆರೆಸಿದ ರೆಸಿನ್ ಕೊಳ್ಳಿ.
- ಧೂಳಿನ ಮಾಸ್ಕ್ ಸ್ಟೈರೀನ್ ತಡೆಯುವುದಿಲ್ಲ. ಇದ್ದಿಲಿನ ಫಿಲ್ಟರ್ ಇರುವುದು ಬೇಕು. ಉಜ್ಜುವಾಗ ಮಾತ್ರ ಧೂಳಿನ ಮಾಸ್ಕ್, ಉದ್ದ ತೋಳಿನ ಅಂಗಿ.
- ಫ್ಲಾಟಿನ ಒಳಗೆ, ಬಾಲ್ಕನಿಯಲ್ಲಿ ಈ ಕೆಲಸ ಬೇಡವೇ ಬೇಡ. ಮಕ್ಕಳು ಹತ್ತಿರ ಬರಬಾರದು.

ಕೂರಿಸುವಾಗ

ಪೆಟ್ಟಿಗೆಯನ್ನು ಬ್ರಾಕೆಟ್ ಮತ್ತು ಬೋಲ್ಟಿನಿಂದ ಬಾಡಿಗೆ ಬಿಗಿಯಿರಿ. ಬಿಗಿಯದ 20 ಕಿಲೋ ಪೆಟ್ಟಿಗೆ ಅಪಘಾತದಲ್ಲಿ ಹಿಂದಿನ ಸೀಟಿನವರ ಬೆನ್ನಿಗೆ ಬಡಿಯುತ್ತದೆ. ತೂತು ಕೊರೆಯುವ ಮೊದಲು ಕೆಳಗೆ ಪೆಟ್ರೋಲ್ ಟ್ಯಾಂಕ್, ಪೈಪು ಇದೆಯೇ ನೋಡಿ. ಬ್ಯಾಟರಿಯಿಂದ 45 ಸೆಂಟಿಮೀಟರಿನೊಳಗೆ ಫ್ಯೂಸ್ ಹಾಕಿ. ಸ್ಟೆಪ್ನಿ ಟೈರ್ ತೆಗೆಯಲು ದಾರಿ ಇರಲಿ. 25 ಕಿಲೋಮೀಟರಿನ ಕಾಸ್‌ವೇ ಮೇಲೆ ಪಂಕ್ಚರ್ ಆದಾಗ ಪೆಟ್ಟಿಗೆ ಬಿಚ್ಚುತ್ತ ಕೂರುವುದು ಯಾರಿಗೆ ಬೇಕು?

ಎರಡನೆಯ ಪೆಟ್ಟಿಗೆಯನ್ನು ಜನವರಿಯಲ್ಲಿ ನಾಲ್ಕು ವಾರಾಂತ್ಯಗಳಲ್ಲಿ ಮುಗಿಸಿದೆ. ನೋಡಲು ಮೊದಲನೆಯದರಷ್ಟು ಚೆಂದವಿಲ್ಲ, ಒಂದು ಕಡೆ ಪುಟ್ಟಿ ಇನ್ನೂ ಏರುತಗ್ಗಾಗಿದೆ. ಆದರೆ ಅದೇ ಸಿ.ಡಿ. ಹಾಕಿದಾಗ ಮದ್ದಳೆಯ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳಿತು. ಮಗಳು ಅಂದು ಹಿಂದಿನ ಸೀಟಿನಲ್ಲಿ ಕುಣಿದಳು. ಮಾಡುವ ಮನಸ್ಸಿದ್ದವರು ಈಗಲೇ ಲೆಕ್ಕ ಮಾಡಿಟ್ಟುಕೊಳ್ಳಿ, ಚಳಿ ಬಂದ ಮೇಲೆ ರೆಸಿನ್ ತನ್ನಿ. ಡಬ್ಬಿ ತೆರೆಯುವ ಮೊದಲು ನನ್ನನ್ನೂ ಕರೆಯಿರಿ, ಬಂದು ಕೈಜೋಡಿಸುತ್ತೇನೆ.