ನಾನಾ ಅಭಿರುಚಿಗಳೂ ಒಂದು ಅರ್ಜಿಯೂ



ಅಮೇರಿಕಾ ದೇಶದ ಕಾಲೇಜುಗಳಲ್ಲಿ ವ್ಯಾಸಂಗಮಾಡಬೇಕೆಂಬ ಅಪೇಕ್ಷೆಯುಳ್ಳವರು ನಮ್ಮ ಹುಡುಗಿಯರಲ್ಲಿಯೂ ಉಂಟು. ಅಲ್ಲಿಯ ಅನೇಕ ವಿದ್ಯಾಲಯಗಳು ಅಂಗೀಕರಿಸುವ ‘ಕಾಮನ್ ಅಪ್ಲಿಕೇಶನ್’ ಎಂಬ ಅರ್ಜಿಯು ಪರೀಕ್ಷೆಯ ಅಂಕಗಳಿಂದಲೇ ತೃಪ್ತಿಹೊಂದುವುದಿಲ್ಲ. ಪಾಠಗಳ ಹೊರಗೆ ನಾವು ಮಾಡಿದ ಕೆಲಸಗಳಲ್ಲಿ ೧೦ರವರೆಗೆ ಅದರಲ್ಲಿ ಬರೆಯಬಹುದು. ಒಂದೊಂದರ ವಿವರಣೆಗೆ ಇಂಗ್ಲಿಷಿನ ೧೫೦ ಅಕ್ಷರಗಳಷ್ಟೇ ಸ್ಥಳ. ಇದಲ್ಲದೆ ೨೫೦ ಪದಗಳಿಗೆ ಕಡಿಮೆಯಾಗದೆ ೬೫೦ನ್ನು ಮೀರದೆ ಒಂದು ಪ್ರಬಂಧವನ್ನೂ ಬರೆಯತಕ್ಕದ್ದು.

ಹಲವು ಅಭಿರುಚಿಗಳುಳ್ಳವಳಿಗೆ ತೊಡಕು ಇಲ್ಲಿಯೇ. ಎಲ್ಲವನ್ನೂ ಸಂತೆಯ ಚೀಲದಂತೆ ತುಂಬಿದರೆ ಆಕೆ ಎಂಥವಳೆಂಬುದು ಓದುವವರಿಗೆ ತಿಳಿಯದು. ಒಂದನ್ನೇ ಹೇಳಿ ಮಿಕ್ಕವನ್ನು ಮರೆಮಾಡಿದರೆ ಅದು ಅರ್ಧ ಸತ್ಯವಾಗುವುದು. ಹೂಗಳು ಬೇರೆಬೇರೆಯಾದರೂ ದಾರವು ಒಂದಾದರೆ ಮಾಲೆಯಾಗುತ್ತದಷ್ಟೆ. ಆ ದಾರವನ್ನು ಕಾಣಬೇಕಾದರೆ, “ಏನೇನು ಮಾಡಿದೆನು?” ಎಂಬುದಕ್ಕಿಂತ “ಇವುಗಳಲ್ಲಿ ನನ್ನ ಮನಸ್ಸನ್ನು ಹಿಡಿದುದು ಯಾವುದು?” ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು.

ದೃಷ್ಟಾಂತಕ್ಕಾಗಿ ಒಬ್ಬ ಹುಡುಗಿಯನ್ನು ಭಾವಿಸೋಣ. ಆಕೆ ವೀಣೆಯನ್ನು ಅಭ್ಯಾಸಮಾಡುತ್ತಾಳೆ, ಹಿತ್ತಲಿನ ಹಕ್ಕಿಗಳನ್ನು ಕೂಗಿನಿಂದಲೇ ಗುರುತಿಸಿ ಬರೆದಿಡುತ್ತಾಳೆ, ಕಿವಿ ಮಂದವಾದ ಅಜ್ಜಿಯ ಬಳಿ ಕುಳಿತು ಮನೆಗೆ ಬಂದವರ ಮಾತನ್ನು ಆಕೆಗೆ ತಿಳಿಯಹೇಳುತ್ತಾಳೆ, ಚೆಂಡಾಟವನ್ನೂ ಆಡುತ್ತಾಳೆ. ಮೊದಲಿನ ಮೂರರಲ್ಲಿಯೂ ಇರುವುದು ಕಿವಿಗೊಟ್ಟು ಕೇಳುವ ಗುಣವೊಂದೇ. ಪ್ರಬಂಧದಲ್ಲಿ ಈ ಗುಣವನ್ನು ಒಂದೆರಡು ಸಂಗತಿಗಳ ಮೂಲಕ ತೋರಿಸಿದರೆ ಸಾಕು. ಚೆಂಡಾಟವನ್ನು ಅದರೊಳಗೆ ಬಲವಂತದಿಂದ ನುಗ್ಗಿಸಬೇಕಾಗಿಲ್ಲ, ಅದು ಪಟ್ಟಿಯಲ್ಲಿರಲಿ. ವೈವಿಧ್ಯವನ್ನು ಪಟ್ಟಿಯು ಹೊರಲಿ, ಐಕ್ಯವನ್ನು ಪ್ರಬಂಧವು ಹೊರಲಿ. ಪಟ್ಟಿಯಲ್ಲಿಯೂ ತನಗೆ ಮುಖ್ಯವಾದುದೇ ಮೊದಲು ಬರತಕ್ಕದ್ದು.

ಆದರೆ ಆ ಹುಡುಗಿಯು, “ಅಜ್ಜಿಯ ಶುಶ್ರೂಷೆ ಮನೆಯ ಕೆಲಸ, ಅದನ್ನೇನು ಬರೆಯುವುದು?” ಎಂದು ಬಿಟ್ಟುಬಿಡುವ ಸಂಭವವುಂಟು. ನಮ್ಮಲ್ಲಿ ಎಷ್ಟೋ ಮಂದಿ ಹೀಗೆಯೇ ಎಣಿಸುತ್ತೇವೆ. ಆ ಅರ್ಜಿಯಲ್ಲಾದರೋ ಕುಟುಂಬದ ಹೊಣೆಗಳಿಗೆಂದೇ ಒಂದು ವಿಭಾಗವಿದೆ. ತಮ್ಮತಂಗಿಯರನ್ನು ನೋಡಿಕೊಂಡುದು, ಅಂಗಡಿಯ ಲೆಕ್ಕವನ್ನು ಬರೆದುದು, ಇವೆಲ್ಲವೂ ಎಣಿಕೆಗೆ ಬರುವುವು. ನಾವು ಕೀಳೆಂದು ಬಿಟ್ಟುದರಲ್ಲಿಯೇ ದಾರವು ಅಡಗಿರಬಹುದು.

ಕಡೆಯದಾಗಿ ಒಂದು ಮಾತು. ಇಲ್ಲದ ದಾರವನ್ನು ಕಲ್ಪಿಸಬಾರದು. ಹುಡುಕಿಯೂ ಸಿಕ್ಕದಿದ್ದರೆ, ಹೆಚ್ಚು ಪ್ರಿಯವಾದ ಒಂದನ್ನು ಕುರಿತು ನಿಜವಾಗಿ ಬರೆಯುವುದೇ ಮೇಲು. ಹೆಣೆದ ಕಥೆಯಿಂದ ಪ್ರವೇಶ ದೊರೆತರೂ, ಅಲ್ಲಿಗೆ ಹೋಗಿ ಓದಬೇಕಾದವರು ನಾವೇ ಅಲ್ಲವೇ?