ದಾರಿ ತಪ್ಪಿದ ಪೆಟ್ಟಿಗೆಗಳು

ಹಿಂದಿನ ಕಾಲದ ಪ್ರಯಾಣಿಕನಿಗೆ ತನ್ನ ಗಂಟುಮೂಟೆಗಳ ಮೇಲೆ ಸದಾ ಒಂದು ಕಣ್ಣಿರುತ್ತಿತ್ತು. ಎತ್ತಿನ ಗಾಡಿಯಲ್ಲಿ ಹೋಗುವವನು ಬಟ್ಟೆಯ ಗಂಟನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದನು. ರೈಲು ಬಂದ ಮೇಲೆ ಟ್ರಂಕಿನ ಮುಚ್ಚಳದ ಮೇಲೆ ಬಿಳಿಯ ಬಣ್ಣದಿಂದ ಹೆಸರು, ಊರುಗಳನ್ನು ಬರೆಸಿ, ಅದನ್ನು ಆಸನದ ಕೆಳಗೆ ನೂಕಿ, ಸರಪಳಿಯಿಂದ ಬಿಗಿದು ಬೀಗ ಹಾಕುವ ರೂಢಿ ಬೆಳೆಯಿತು. ಬಸ್ಸಿನ ನೆತ್ತಿಯ ಮೇಲೇರಿದ ಸಾಮಾನು ಕಂಡಕ್ಟರನ ವಶದಲ್ಲಿದ್ದರೂ, ಪ್ರತಿಯೊಂದು ನಿಲ್ದಾಣದಲ್ಲಿಯೂ ಕಿಟಕಿಯಿಂದ ಕತ್ತು ಹೊರಚಾಚಿ ನೋಡುವವರಿಗೆ ಕೊರತೆಯಿರಲಿಲ್ಲ. ವಿಮಾನಯಾನವು ಈ ನೋಟದ ನಂಟನ್ನು ಕಡಿದುಹಾಕಿತು. ಇಲ್ಲಿ ಪ್ರಯಾಣಿಕನು ಒಂದು ಬಾಗಿಲಿನಿಂದ ಒಳಹೋಗುತ್ತಾನೆ. ಅವನ ಪೆಟ್ಟಿಗೆಯು ಚಲಿಸುವ ರಬ್ಬರಿನ ಪಟ್ಟಿಯ ಮೇಲೇರಿ ಗೋಡೆಯ ಕಿಂಡಿಯೊಳಗೆ ಮರೆಯಾಗುತ್ತದೆ. ಸಾವಿರಾರು ಮೈಲಿಗಳ ಆಚೆ ಮತ್ತೊಂದು ಕಿಂಡಿಯಿಂದ ಅದು ಹೊರಬೀಳುವ ತನಕ ಅವನ ಕೈಯಲ್ಲಿ ಉಳಿಯುವುದು ಒಂದು ಕಾಗದದ ಚೂರು ಮಾತ್ರ.

ಆ ಚೂರು ವಿಮಾನಕ್ಕಿಂತ ಹಳೆಯದು. ಕೆನಡಾ ದೇಶದ ಮಾಂಕ್ಟನ್ ಎಂಬ ಊರಿನ ಜಾನ್ ಮೈಕೆಲ್ ಲಯನ್ಸ್ ಎಂಬಾತನು 1882ರ ಜೂನ್ 5ರಂದು, ಎರಡು ಭಾಗಗಳಾಗಿ ಹರಿಯಬಹುದಾದ ಸಾಮಾನು ಚೀಟಿಯೊಂದಕ್ಕೆ ಹಕ್ಕುಪತ್ರ ಪಡೆದನು. ಒಂದೇ ಸಂಖ್ಯೆಯನ್ನು ಹೊತ್ತ ಎರಡು ತುಂಡುಗಳು. ಒಂದು ಪೆಟ್ಟಿಗೆಗೆ, ಇನ್ನೊಂದು ಒಡೆಯನಿಗೆ. ರೈಲು, ಹಡಗುಗಳ ಕಾಲದಲ್ಲಿ ಹುಟ್ಟಿದ ಈ ಸರಳ ಉಪಾಯವೇ ಇಂದಿನ ವಿಮಾನ ನಿಲ್ದಾಣಗಳಲ್ಲಿಯೂ ನಡೆದುಬರುತ್ತಿದೆ.

ಇಂದಿನ ಚೀಟಿಯ ಮೇಲೆ ಕಪ್ಪು ಗೆರೆಗಳ ಸಾಲೊಂದಿರುತ್ತದೆ. ಅದರಡಿ ಹತ್ತು ಅಂಕಿಗಳು. ಮೊದಲನೆಯ ಅಂಕಿಯನ್ನು ಬಿಟ್ಟರೆ ನಂತರದ ಮೂರು ವಿಮಾನ ಸಂಸ್ಥೆಯ ಗುರುತು. ಏರ್ ಇಂಡಿಯಾದ ಅಂಕಿ 098. ಉಳಿದ ಆರು ಆ ಪೆಟ್ಟಿಗೆಯದೇ ಸಂಖ್ಯೆ. ತಲುಪಬೇಕಾದ ಊರು ಮೂರು ದಪ್ಪ ಅಕ್ಷರಗಳಲ್ಲಿರುತ್ತದೆ. ಬೆಂಗಳೂರು ಬಿ.ಎಲ್.ಆರ್.; ಮುಂಬಯಿ ತನ್ನ ಹಳೆಯ ಹೆಸರನ್ನು ಉಳಿಸಿಕೊಂಡು ಇಂದಿಗೂ ಬಿ.ಒ.ಎಂ. ಎಲ್ಲ ಊರುಗಳ ಗುರುತೂ ಇಷ್ಟು ಸುಲಭವಲ್ಲ. ಮಂಗಳೂರಿಗೆ ಐ.ಎಕ್ಸ್.ಇ., ಬೆಳಗಾವಿಗೆ ಐ.ಎಕ್ಸ್.ಜಿ., ಮಧುರೆಗೆ ಐ.ಎಕ್ಸ್.ಎಂ. ಕೊನೆಯ ಒಂದೇ ಅಕ್ಷರದಲ್ಲಿ ಕಡಲತೀರ, ಗಡಿನಾಡು, ಪಾಂಡ್ಯರ ರಾಜಧಾನಿಗಳು ಬೇರೆ ಬೇರೆಯಾಗುತ್ತವೆ. ‘ಎಂ’ ಎಂದರೆ ಮಂಗಳೂರೇ ಇರಬೇಕೆಂದು ಊಹಿಸುವ ಕೈಗೆ ಸಿಕ್ಕಿದ ಪೆಟ್ಟಿಗೆ ಮೀನಾಕ್ಷಿಯ ಸನ್ನಿಧಿಗೆ ಹೋಗಿ ಇಳಿದೀತು. ಕಪ್ಪು ಗೆರೆಗಳನ್ನು ಯಂತ್ರವು ಓದುವುದರಿಂದ ಇಂಥ ಊಹೆಗೆ ಈಗ ಎಡೆ ಕಡಿಮೆ. ಆದರೆ ಚೀಟಿ ಮಡಿಸಿಹೋದರೆ, ನೆನೆದರೆ, ಹರಿದರೆ ಯಂತ್ರವೂ ಕುರುಡಾಗುತ್ತದೆ. ಹಿಂದಿನ ಪ್ರಯಾಣದ ಚೀಟಿಯನ್ನು ಕಿತ್ತುಹಾಕದೆ ಮೆರವಣಿಗೆಯ ಬಿರುದಿನಂತೆ ಪೆಟ್ಟಿಗೆಯ ಹಿಡಿಯಲ್ಲಿ ಉಳಿಸಿಕೊಳ್ಳುವವರೂ ಉಂಟು. ಅಂಥ ಪೆಟ್ಟಿಗೆ ಯಾವ ಚೀಟಿಯ ಮಾತು ಕೇಳಬೇಕು?

ಗೋಡೆಯ ಕಿಂಡಿಯಾಚೆ ಪೆಟ್ಟಿಗೆಯು ಕ್ಷಕಿರಣದ ಪರೀಕ್ಷೆಗೆ ಒಳಗಾಗಿ, ಪಟ್ಟಿಗಳ ಕವಲುದಾರಿಗಳನ್ನು ದಾಟಿ, ತನ್ನ ವಿಮಾನದ ಸಾಮಾನು ಸೇರುವ ಎಡೆಗೆ ಬರುತ್ತದೆ. ಅಲ್ಲಿಂದ ಮುಂದಿನ ಕೆಲಸ ಮನುಷ್ಯರದು. ಬಿಸಿಲೆನ್ನದೆ ಮಳೆಯೆನ್ನದೆ, ಕಿವಿಗಡಚಿಕ್ಕುವ ಎಂಜಿನ್ನುಗಳ ಸದ್ದಿನ ನಡುವೆ, ಇಪ್ಪತ್ತು ಇಪ್ಪತ್ತೈದು ಕಿಲೋ ತೂಕದ ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ಬಂಡಿಗೂ, ಬಂಡಿಯಿಂದ ವಿಮಾನದ ಹೊಟ್ಟೆಗೂ ಒಟ್ಟುವವರು ಈ ಕೆಲಸಗಾರರು. ಪ್ರಯಾಣಿಕರು ಗಗನಸಖಿಯರನ್ನು ಕಾಣುತ್ತಾರೆ, ವಿಮಾನ ಚಾಲಕನ ದನಿಯನ್ನು ಕೇಳುತ್ತಾರೆ. ಈ ಜನರನ್ನು ಮಾತ್ರ ನೋಡುವುದಿಲ್ಲ. ಪೆಟ್ಟಿಗೆ ಬಾರದಿದ್ದ ದಿನ ಮಾತ್ರ ಅವರ ನೆನಪಾಗುತ್ತದೆ, ಅದೂ ಬೈಗುಳದ ರೂಪದಲ್ಲಿ.

ಸರಪಳಿಯು ಹೆಚ್ಚಾಗಿ ತುಂಡಾಗುವುದು ಒಂದು ವಿಮಾನದಿಂದ ಇನ್ನೊಂದಕ್ಕೆ ಸಾಗಿಸುವ ನಡುದಾರಿಯಲ್ಲಿ. ಬೆಂಗಳೂರಿನಿಂದ ಹೊರಟ ವಿಮಾನ ಫ್ರಾಂಕ್‌ಫರ್ಟಿಗೆ ಒಂದು ಗಂಟೆ ತಡವಾಗಿ ತಲುಪಿತೆನ್ನಿ. ಪ್ರಯಾಣಿಕನು ಏದುಸಿರು ಬಿಡುತ್ತ ಓಡಿ ಮುಂದಿನ ವಿಮಾನವನ್ನು ಹಿಡಿದಾನು, ಪೆಟ್ಟಿಗೆಗೆ ಕಾಲುಗಳಿಲ್ಲ. ಅದು ಇಳಿದು, ಬಂಡಿಯೇರಿ, ಮತ್ತೆ ವಿಂಗಡಣೆಗೊಳ್ಳುವಷ್ಟರಲ್ಲಿ ಒಡೆಯನು ಮೋಡಗಳ ಮೇಲಿರುತ್ತಾನೆ. ವಿಮಾನ ಸಂಸ್ಥೆಗಳಿಗೆ ತಾಂತ್ರಿಕ ನೆರವು ನೀಡುವ ಸೀಟಾ ಎಂಬ ಸಂಸ್ಥೆಯ ವರದಿಯಂತೆ, 2024ರಲ್ಲಿ ದಾರಿ ತಪ್ಪಿದ, ತಡವಾದ, ಕೆಟ್ಟ ಚೀಲಗಳು ಜಗತ್ತಿನಲ್ಲಿ 3 ಕೋಟಿ 34 ಲಕ್ಷ. ಸಾವಿರ ಪ್ರಯಾಣಿಕರಿಗೆ 6.3. ಇವುಗಳಲ್ಲಿ ಐದನೆಯ ಎರಡು ಪಾಲು ಎಡವಿದ್ದು ಈ ನಡುದಾರಿಯಲ್ಲಿಯೇ. 2007ರಲ್ಲಿ ಈ ಪ್ರಮಾಣ ಸಾವಿರಕ್ಕೆ 18.88ರಷ್ಟಿತ್ತೆಂಬುದನ್ನು ನೆನೆದರೆ ಸುಧಾರಣೆ ಸಣ್ಣದಲ್ಲ. ಆದರೆ ಖಾಲಿ ಪಟ್ಟಿಯ ಮುಂದೆ ನಿಂತವನಿಗೆ ಸರಾಸರಿಯ ಲೆಕ್ಕ ಸಮಾಧಾನ ತರುವುದಿಲ್ಲ.

ಯಂತ್ರಗಳನ್ನು ಹೆಚ್ಚಿಸಿ ಈ ತೊಡಕನ್ನು ನೀಗಬಹುದೆಂದು ನಂಬಿದವರಿಗೆ ಅಮೆರಿಕದ ಡೆನ್ವರ್ ನಗರವು ಪಾಠ ಕಲಿಸಿತು. ಅಲ್ಲಿಯ ಹೊಸ ವಿಮಾನ ನಿಲ್ದಾಣದಲ್ಲಿ, ಗಣಕಯಂತ್ರದ ಅಪ್ಪಣೆಯಂತೆ ಹಳಿಗಳ ಮೇಲೆ ತಾವಾಗಿಯೇ ಓಡುವ ಬಂಡಿಗಳಿಂದ ಸಾಮಾನು ಸಾಗಿಸುವ ಯೋಜನೆಯಿತ್ತು. 1994ರಲ್ಲಿ ಪತ್ರಕರ್ತರನ್ನು ಕರೆಸಿ ತೋರಿಸಿದಾಗ ಬಂಡಿಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಪೆಟ್ಟಿಗೆಗಳು ಬಾಯ್ದೆರೆದು ಬಟ್ಟೆಬರೆಗಳು ಚೆಲ್ಲಾಪಿಲ್ಲಿಯಾದವು. 1993ರ ಅಕ್ಟೋಬರಿನಲ್ಲಿ ತೆರೆಯಬೇಕಿದ್ದ ನಿಲ್ದಾಣವು 1995ರ ಫೆಬ್ರುವರಿ 28ರವರೆಗೆ ಕಾಯಬೇಕಾಯಿತು. ಒಂದು ಭಾಗದಲ್ಲಷ್ಟೇ ಕುಂಟುತ್ತ ನಡೆದ ಆ ವ್ಯವಸ್ಥೆಯನ್ನು 2005ರಲ್ಲಿ ಕೈಬಿಟ್ಟು, ಎಳೆಯುವ ಬಂಡಿಗೂ ಅದನ್ನು ನಡೆಸುವ ಮನುಷ್ಯನಿಗೂ ಮರಳಿದರು.

ಲಂಡನ್ನಿನ ಹೀಥ್ರೂ ನಿಲ್ದಾಣದ ಐದನೆಯ ಕಟ್ಟಡದ ಕಥೆ ಇನ್ನೊಂದು ಬಗೆಯದು. 2008ರ ಮಾರ್ಚ್ 27ರಂದು ಅದು ತೆರೆದ ದಿನ ಯಂತ್ರಗಳಿಗಿಂತ ಮೊದಲು ಸೋತವರು ಮನುಷ್ಯರು. ಸೋತರೆಂಬುದಕ್ಕಿಂತ ಅವರನ್ನು ಸೋಲಿಸಲಾಯಿತೆಂಬುದು ಸರಿ. ಕೆಲಸಗಾರರಿಗೆ ವಾಹನ ನಿಲ್ಲಿಸುವ ಸ್ಥಳ ಸಿಗಲಿಲ್ಲ. ತಪಾಸಣೆಯ ಸಾಲಿನಲ್ಲಿಯೇ ಹೊತ್ತು ಕಳೆಯಿತು. ಹೊಸ ಕಟ್ಟಡದ ದಾರಿಗಳು ಅವರಿಗೆ ಪರಿಚಯವಿರಲಿಲ್ಲ. ಸಾಮಾನು ಎತ್ತುವವರಿಲ್ಲದೆ ಪಟ್ಟಿಗಳು ಕಿಕ್ಕಿರಿದು ನಿಂತವು. ಕೆಲವೇ ದಿನಗಳಲ್ಲಿ ನೂರಾರು ವಿಮಾನಯಾನಗಳು ರದ್ದಾದವು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಚೀಲಗಳು ಗುಡ್ಡೆ ಬಿದ್ದವು. ಅವುಗಳಲ್ಲಿ ಕೆಲವನ್ನು ವಿಂಗಡಿಸುವುದಕ್ಕೆಂದು ರಸ್ತೆಯ ಮಾರ್ಗವಾಗಿ ಇಟಲಿಯ ಮಿಲಾನ್ ನಗರಕ್ಕೆ ಕಳುಹಿಸಬೇಕಾಯಿತು.

ಒಡೆಯನಿಲ್ಲದೆ ಪೆಟ್ಟಿಗೆ, ಪೆಟ್ಟಿಗೆಯಿಲ್ಲದೆ ಒಡೆಯ ಹೀಗೆ ಬೇರೆ ಬೇರೆಯಾದರೆ ಆಗುವ ಕೇಡು ಬಟ್ಟೆಬರೆಗಳ ನಷ್ಟವೊಂದೇ ಎಂದು ಬಹುಕಾಲ ಭಾವಿಸಲಾಗಿತ್ತು. 1985ರ ಜೂನ್ 23ರಂದು ಆ ಭಾವನೆ ಅಳಿಯಿತು. ಅದರ ಹಿಂದಿನ ದಿನ ಕೆನಡಾದ ವ್ಯಾಂಕೂವರ್ ನಿಲ್ದಾಣದಲ್ಲಿ ಒಬ್ಬನು, ಮುಂದಿನ ವಿಮಾನದಲ್ಲಿ ತನಗೆ ಆಸನ ಖಚಿತವಾಗಿಲ್ಲದಿದ್ದರೂ, ತನ್ನ ಪೆಟ್ಟಿಗೆಯನ್ನು ಟೊರಾಂಟೊ ದಾಟಿ ಭಾರತಕ್ಕೆ ಹೋಗುವ ಏರ್ ಇಂಡಿಯಾ ವಿಮಾನಕ್ಕೇ ನೇರವಾಗಿ ಕಳುಹಿಸಬೇಕೆಂದು ಹಟ ಹಿಡಿದನು. ಹಿಂದೆ ಜನರ ಸಾಲು ಬೆಳೆಯುತ್ತಿತ್ತು. ಮೊದಲು ನಿರಾಕರಿಸಿದ ಸಿಬ್ಬಂದಿ ಕೊನೆಗೆ ಒಪ್ಪಿ ಚೀಟಿ ಅಂಟಿಸಿದರು. ಪೆಟ್ಟಿಗೆ ಹೊರಟಿತು, ಅದನ್ನು ಒಪ್ಪಿಸಿದವನು ವಿಮಾನವನ್ನು ಏರಲೇ ಇಲ್ಲ. ‘ಕನಿಷ್ಕ’ ಎಂಬ ಹೆಸರಿನ ಆ ವಿಮಾನವು ಐರ್ಲೆಂಡಿನ ಸಮೀಪ ಸಾಗರದ ಮೇಲೆ ಸ್ಫೋಟಗೊಂಡು, ಅದರಲ್ಲಿದ್ದ 329 ಜನರೂ ಮಡಿದರು. ಅವರಲ್ಲಿ ಬಹುಮಂದಿ ಬೇಸಿಗೆಯ ರಜೆಯಲ್ಲಿ ತಾಯ್ನಾಡಿಗೆ ಹೊರಟಿದ್ದ ಭಾರತೀಯ ಮೂಲದ ಕುಟುಂಬದವರು, ಮಕ್ಕಳೂ ಅನೇಕರಿದ್ದರು. ಅದೇ ದಿನ ಜಪಾನಿನ ನರಿತಾ ನಿಲ್ದಾಣದಲ್ಲಿ, ಇನ್ನೊಂದು ಏರ್ ಇಂಡಿಯಾ ವಿಮಾನಕ್ಕೆ ಸಾಗಿಸಬೇಕಾಗಿದ್ದ ಪೆಟ್ಟಿಗೆಯೊಂದು ಸಿಡಿದು ಸಾಮಾನು ಹೊರುವ ಇಬ್ಬರು ಕೆಲಸಗಾರರು ಸತ್ತರು.

ಆ ದುರಂತದ ತರುವಾಯ ಪ್ರಯಾಣಿಕನನ್ನೂ ಅವನ ಸಾಮಾನನ್ನೂ ತಾಳೆ ನೋಡುವ ನಿಯಮವು ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ಬಿಗಿಯಾಯಿತು. ಪೆಟ್ಟಿಗೆ ಒಪ್ಪಿಸಿದವನು ವಿಮಾನ ಏರದಿದ್ದರೆ, ವಿಮಾನ ತಡವಾದರೂ ಚಿಂತೆಯಿಲ್ಲ, ಅವನ ಪೆಟ್ಟಿಗೆಯನ್ನು ಹುಡುಕಿ ಕೆಳಗಿಳಿಸುತ್ತಾರೆ. ‘ಒಬ್ಬ ಪ್ರಯಾಣಿಕರು ಬಾರದ ಕಾರಣ’ ಎಂಬ ಪ್ರಕಟಣೆಯನ್ನು ಕೇಳಿ ಗೊಣಗುವವರಲ್ಲಿ ಎಷ್ಟು ಮಂದಿಗೆ ಆ 329 ಜನರ ನೆನಪಿದ್ದೀತು! ದಾರಿ ತಪ್ಪಿದ ಪೆಟ್ಟಿಗೆಯು ಒಡೆಯನಿಲ್ಲದೆಯೇ ಹಿಂದಿನಿಂದ ಬರಬೇಕಾಗುವುದು ಅನಿವಾರ್ಯ. ಆದ್ದರಿಂದಲೇ ಅದನ್ನು ಮತ್ತೆ ಪರೀಕ್ಷೆಗೆ ಒಳಪಡಿಸಿ, ಬೇರೆ ಚೀಟಿ ಅಂಟಿಸಿ ಕಳುಹಿಸುತ್ತಾರೆ.

ಇನ್ನು ನಷ್ಟ ಪರಿಹಾರದ ಮಾತು. 1929ರ ವಾರ್ಸಾ ಒಪ್ಪಂದವು ಸಾಮಾನಿನ ಬೆಲೆಯನ್ನು ತೂಕದಿಂದ ಅಳೆಯಿತು: ಕಿಲೋ ಒಂದಕ್ಕೆ ಗರಿಷ್ಠ 250 ಚಿನ್ನದ ಫ್ರಾಂಕುಗಳು. ಆ ತಕ್ಕಡಿಯಲ್ಲಿ ರೇಷ್ಮೆಗೂ ರಾಗಿಗೂ ಭೇದವಿರಲಿಲ್ಲ. 1999ರ ಮಾಂಟ್ರಿಯಲ್ ಒಪ್ಪಂದವು ತೂಕವನ್ನು ಬಿಟ್ಟು ಪ್ರಯಾಣಿಕನೊಬ್ಬನಿಗೆ ಇಷ್ಟೆಂದು ಮಿತಿ ಹಾಕಿತು. ಭಾರತವು 2009ರಲ್ಲಿ ಅದನ್ನು ಸೇರಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯ ಎಸ್.ಡಿ.ಆರ್. ಎಂಬ ಮಾನದಲ್ಲಿ ಮೊದಲು 1,000 ಇದ್ದ ಈ ಮಿತಿಯು 2024ರ ಡಿಸೆಂಬರ್ 28ರಿಂದ 1,519ಕ್ಕೆ ಏರಿದೆ; ರೂಪಾಯಿಗಳಲ್ಲಿ ಸುಮಾರು ಒಂದೂಮುಕ್ಕಾಲು ಲಕ್ಷ. ಇದು ಮಿತಿಯೇ ಹೊರತು ಎಲ್ಲರಿಗೂ ಸಲ್ಲುವ ಮೊತ್ತವಲ್ಲ. ನಷ್ಟವೆಷ್ಟೆಂಬುದನ್ನು ಪ್ರಯಾಣಿಕನು ತೋರಿಸಿಕೊಡಬೇಕು. ಪೆಟ್ಟಿಗೆ ಕೆಟ್ಟಿದ್ದರೆ ಏಳು ದಿನಗಳೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ ಇಪ್ಪತ್ತೊಂದು ದಿನಗಳೊಳಗೆ ಲಿಖಿತ ದೂರು ಸಲ್ಲಬೇಕು. ತಲುಪಬೇಕಾಗಿದ್ದ ದಿನದಿಂದ ಇಪ್ಪತ್ತೊಂದು ದಿನ ಕಳೆದರೂ ಬಾರದ ಪೆಟ್ಟಿಗೆಯನ್ನು ಕಳೆದುಹೋದುದೆಂದೇ ಎಣಿಸಿ ಪರಿಹಾರ ಕೇಳಬಹುದು.

ಧಾರವಾಡದ ಕಡೆಯ ತಾಯಿಯೊಬ್ಬಳು ಅಮೆರಿಕದಲ್ಲಿರುವ ಮಗಳ ಬಾಣಂತನಕ್ಕೆ ಹೊರಟಳೆಂದು ಭಾವಿಸೋಣ. ಪೆಟ್ಟಿಗೆಯಲ್ಲಿ ಅಂಟಿನುಂಡೆ, ಶೇಂಗಾ ಚಟ್ನಿಪುಡಿ, ಹುಟ್ಟಲಿರುವ ಕೂಸಿಗೆಂದು ಹೊಲಿದ ಒಂದು ಪುಟ್ಟ ಕೌದಿ. ಕೌದಿಯ ತುಂಡುಗಳಲ್ಲಿ ಒಂದು ಅವಳ ಅತ್ತೆಯ ಇಳಕಲ್ ಸೀರೆಯದು, ಒಂದು ಅವಳ ತಾಯಿಯದು, ಇಬ್ಬರೂ ಈಗಿಲ್ಲ. ಆ ಪೆಟ್ಟಿಗೆ ಕಳೆದುಹೋಯಿತು. ನಮೂನೆಯನ್ನು ತುಂಬುವಾಗ ಅಧಿಕಾರಿ ಕೇಳುತ್ತಾನೆ: ಕೌದಿಯ ಬೆಲೆ ಎಷ್ಟು, ಕೊಂಡ ರಸೀದಿ ಇದೆಯೆ? ಅಧಿಕಾರಿಯ ಪ್ರಶ್ನೆಯಲ್ಲಿ ತಪ್ಪಿಲ್ಲ. ಕಾನೂನಿಗೆ ಬೇರೆ ಪ್ರಶ್ನೆಯನ್ನು ಕೇಳಲು ಬಾರದು. ಬೆಲೆಬಾಳುವ ವಸ್ತುವಿದ್ದರೆ ಮೊದಲೇ ಘೋಷಿಸಿ ಹೆಚ್ಚಿನ ಶುಲ್ಕ ತೆರುವ ಅವಕಾಶವನ್ನು ಒಪ್ಪಂದವೇ ಕೊಟ್ಟಿದೆ. ಆದರೆ ಹಳೆಯ ಸೀರೆಗಳ ತುಂಡುಗಳನ್ನು ಯಾವ ಅಂಕಿಯಲ್ಲಿ ಘೋಷಿಸುವುದು? ಅನುಭವಸ್ಥರು ಅಂಥ ವಸ್ತುವನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳುತ್ತಾರೆ. ಔಷಧಿ, ಕಾಗದಪತ್ರಗಳಿಗೂ ಅದೇ ತಕ್ಕ ಸ್ಥಳ.

ದೂರು ದಾಖಲಾದ ಮೇಲೆ ಹುಡುಕಾಟ ಆರಂಭವಾಗುತ್ತದೆ. ವರ್ಲ್ಡ್ ಟ್ರೇಸರ್ ಎಂಬ ಗಣಕ ವ್ಯವಸ್ಥೆಯು, ಒಂದು ಊರಿನಲ್ಲಿ ‘ಬಂದಿಲ್ಲ’ ಎಂದು ಬರೆಸಿದ ಪೆಟ್ಟಿಗೆಯ ವಿವರವನ್ನು ಇನ್ನೊಂದು ಊರಿನಲ್ಲಿ ‘ಯಾರದೋ ತಿಳಿಯದು’ ಎಂದು ಬರೆಸಿದ ಪೆಟ್ಟಿಗೆಯೊಡನೆ ಹೋಲಿಸಿ ನೋಡುತ್ತದೆ. ಬಣ್ಣ ಯಾವುದೆಂದು ಕೇಳಿದರೆ ಬಹುಮಂದಿ ಕಪ್ಪು ಎನ್ನುತ್ತಾರೆ. ಅದರಿಂದಾಗುವ ಪ್ರಯೋಜನ ಅಷ್ಟಕ್ಕಷ್ಟೆ. ಒಳಗೇನಿದೆ ಎಂಬುದೇ ಹೆಚ್ಚಿನ ಗುರುತು. 2018ರ ಜೂನ್‌ನಿಂದ ಜಾರಿಯಾದ ಇನ್ನೊಂದು ನಿಯಮದಂತೆ, ವಿಮಾನ ಸಂಸ್ಥೆಗಳು ಪೆಟ್ಟಿಗೆಯನ್ನು ಪಡೆದಾಗ, ವಿಮಾನಕ್ಕೆ ಏರಿಸಿದಾಗ, ಮತ್ತೊಂದು ವಿಮಾನಕ್ಕೆ ವರ್ಗಾಯಿಸಿದಾಗ, ಒಡೆಯನಿಗೆ ಮರಳಿಸಿದಾಗ, ಹೀಗೆ ನಾಲ್ಕು ಎಡೆಗಳಲ್ಲಿ ಗುರುತು ಹಾಕಬೇಕು. ಆದ್ದರಿಂದ ತಡವಾದ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಕೆಲವೇ ದಿನಗಳಲ್ಲಿ ಮನೆಯ ಬಾಗಿಲಿಗೆ ಬರುತ್ತವೆ.

ಸಿಕ್ಕ ವಸ್ತುವನ್ನು ಜೋಪಾನವಾಗಿ ಎತ್ತಿಡುವ ಕಚೇರಿಯೊಂದು ಸಾಹಿತ್ಯಕ್ಕೂ ಉಪಕಾರ ಮಾಡಿದೆ. 1912ರಲ್ಲಿ ರವೀಂದ್ರನಾಥ ಠಾಕೂರರು ಲಂಡನ್ನಿಗೆ ಹೋದಾಗ, ಇಂಗ್ಲಿಷ್ ಗೀತಾಂಜಲಿಯ ಹಸ್ತಪ್ರತಿಯಿದ್ದ ಚೀಲವನ್ನು ಅವರ ಮಗ ರಥೀಂದ್ರನಾಥರು ಸುರಂಗ ರೈಲಿನಲ್ಲಿ ಮರೆತು ಇಳಿದರು. ರೈಲ್ವೆಯವರ ಕಳೆದ ವಸ್ತುಗಳ ಕಚೇರಿಯಲ್ಲಿ ಅದು ಮರಳಿ ದೊರಕಿತು. ಮರುವರ್ಷ ಆ ಕೃತಿಯ ಕವಿಗೆ ನೊಬೆಲ್ ಪಾರಿತೋಷಕ ಬಂದಿತು.

ಹೊರಗಿನ ಚೀಟಿ ಹರಿದುಹೋದರೂ, ಪೆಟ್ಟಿಗೆಯೊಳಗೆ ಬಟ್ಟೆಗಳ ಮೇಲೆ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬರೆದ ಹಾಳೆಯೊಂದಿದ್ದರೆ ತೆರೆದು ನೋಡಿದವರಿಗೆ ದಾರಿ ತಿಳಿಯುತ್ತದೆ. ಅದೂ ಇಲ್ಲದವುಗಳು ಉಗ್ರಾಣದಲ್ಲಿ ಉಳಿಯುತ್ತವೆ. ಅಮೆರಿಕದಲ್ಲಿ ಹೀಗೆ ವಾರಸುದಾರರಿಲ್ಲದೆ ಉಳಿದವುಗಳನ್ನು ವಿಮಾನ ಸಂಸ್ಥೆಗಳಿಂದ ಕೊಂಡು ಮಾರುವ ಅಂಗಡಿಯೊಂದು ಅಲಬಾಮ ರಾಜ್ಯದ ಸ್ಕಾಟ್ಸ್‌ಬರೊ ಎಂಬ ಸಣ್ಣ ಊರಿನಲ್ಲಿದೆ. 1970ರಲ್ಲಿ ಡಾಯ್ಲ್ ಓವೆನ್ಸ್ ಎಂಬಾತನು ಅದನ್ನು ಆರಂಭಿಸಿದನು. ಅಲ್ಲಿ ಪೆಟ್ಟಿಗೆಗಳನ್ನು ತೆರೆದು, ಬಟ್ಟೆಗಳನ್ನು ಒಗೆದು ಮಡಿಸಿ, ಕೆಲವನ್ನು ದಾನಕ್ಕೆಂದು ತೆಗೆದಿಟ್ಟು, ಮಾರಾಟಕ್ಕೆ ಯೋಗ್ಯವಾದವುಗಳಿಗೆ ಬೆಲೆಯ ಚೀಟಿ ಅಂಟಿಸುತ್ತಾರೆ. ಅವುಗಳನ್ನು ಕೊಳ್ಳಲು ದೂರದೂರದ ಊರುಗಳಿಂದ ಜನ ಬರುತ್ತಾರೆ.