ಓದಿದ್ದೆಲ್ಲ ನಿಜವೇ?

ಬೀದರಿನ ಹಳೆಯ ಪಟ್ಟಣದಲ್ಲಿರುವ ಮಹಮೂದ್ ಗವಾನರ ಮದ್ರಸವನ್ನು ನೋಡದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. 1472ರಲ್ಲಿ ನಿರ್ಮಾಣವಾದ ಈ ವಿದ್ಯಾಲಯ ದೂರದೂರದ ವಿದ್ವಾಂಸರನ್ನು ಬೀದರಿಗೆ ಕರೆತಂದಿತು. ಆದರೆ ಇದನ್ನು ಕಟ್ಟಿಸಿದ ಆ ಬಹಮನಿ ವಝೀರರ ಅಂತ್ಯ ಹೇಗಾಯಿತೆಂದು ನಮ್ಮ ಮಕ್ಕಳನ್ನು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅವರ ಪ್ರಾಣ ತೆಗೆದದ್ದು ಒಂದು ಕಾಗದ.

ಗವಾನರ ಏಳಿಗೆಯನ್ನು ಸಹಿಸದ ದರ್ಬಾರಿನ ಕೆಲವರು ಅವರ ಮೊಹರನ್ನು ಕಾಯುತ್ತಿದ್ದ ಸೇವಕನನ್ನು ವಶಪಡಿಸಿಕೊಂಡು ಖಾಲಿ ಕಾಗದದ ಮೇಲೆ ಮೊಹರು ಒತ್ತಿಸಿಕೊಂಡರು. ಒರಿಸ್ಸಾದ ರಾಜನನ್ನು ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಗವಾನರೇ ಆಹ್ವಾನಿಸಿದರೆಂಬ ಪತ್ರವನ್ನು ಅದೇ ಕಾಗದದಲ್ಲಿ ಬರೆದು ಸುಲ್ತಾನ ಮೂರನೆಯ ಮುಹಮ್ಮದ್ ಶಾಹನ ಮುಂದಿಟ್ಟರು. ಸುಲ್ತಾನ ಪತ್ರವನ್ನು ಓದಿದ. ಮೊಹರನ್ನು ನೋಡಿದ. ಅದನ್ನು ಯಾರು ತಂದರು, ಯಾರ ಕೈಯಿಂದ ಸಿಕ್ಕಿತು, ತಂದವರಿಗೂ ವಝೀರರಿಗೂ ಸಂಬಂಧ ಹೇಗಿದೆ ಎಂಬುದನ್ನು ವಿಚಾರಿಸಲಿಲ್ಲ. ಮೊಹರು ತನ್ನದೇ ಹೌದು, ಆದರೆ ಪತ್ರ ತನ್ನದಲ್ಲ ಎಂದು ಗವಾನರು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. 1481ರ ಏಪ್ರಿಲ್ 5ರಂದು ಆ ವೃದ್ಧ ವಝೀರರ ಶಿರಚ್ಛೇದನವಾಯಿತು. ಸತ್ಯ ತಿಳಿದ ಮೇಲೆ ಸುಲ್ತಾನ ಪಶ್ಚಾತ್ತಾಪಪಟ್ಟನೆಂದು ಇತಿಹಾಸಕಾರರು ಬರೆದಿದ್ದಾರೆ. ಮರುವರ್ಷವೇ ಅವನೂ ತೀರಿಹೋದ. ಬಹಮನಿ ರಾಜ್ಯ ಮತ್ತೆ ಚೇತರಿಸಿಕೊಳ್ಳಲಿಲ್ಲ.

ಇಂದು ಖಾಲಿ ಕಾಗದಕ್ಕೆ ಮೊಹರು ಒತ್ತಿಸಲು ಯಾರಿಗೂ ಲಂಚ ಕೊಡಬೇಕಾಗಿಲ್ಲ. ಒಂದು ಪತ್ರಿಕೆಯ ಹೆಸರು, ಒಬ್ಬ ಆಲಿಮರ ಭಾವಚಿತ್ರ, ಹಸಿರು ಬಣ್ಣದ ಗುಂಬಜಿನ ಚಿತ್ರ ಇಷ್ಟು ಸೇರಿಸಿದರೆ ಸಾಕು, ಯಾರು ಏನನ್ನು ಬರೆದರೂ ಅದಕ್ಕೆ ಮೊಹರು ಬಿದ್ದಂತೆಯೇ. ಓದುವವರಾದ ನಾವೆಲ್ಲರೂ ಈಗ ಆ ಸುಲ್ತಾನನ ಆಸನದಲ್ಲಿ ಕುಳಿತಿದ್ದೇವೆ. ದಿನಕ್ಕೆ ಇಪ್ಪತ್ತು, ಮೂವತ್ತು ಪತ್ರಗಳು ನಮ್ಮ ಅಂಗೈಗೆ ಬರುತ್ತವೆ, ಪ್ರತಿಯೊಂದರ ಮೇಲೂ ನಾವು ತೀರ್ಪು ಕೊಡುತ್ತೇವೆ.

ಹೀಗೆ ತೀರ್ಪು ಕೊಡುವವನಿಗೆ ಪವಿತ್ರ ಕುರ್‌ಆನ್ ಏನು ಕಲಿಸುತ್ತದೆ? ಕರ್ಮಭ್ರಷ್ಟನೊಬ್ಬನು ಸುದ್ದಿ ತಂದರೆ ಅದನ್ನು ವಿಚಾರಿಸಿ ತಿಳಿದುಕೊಳ್ಳಬೇಕು. ಇಲ್ಲವಾದರೆ ಅರಿಯದೆ ಒಂದು ಜನಾಂಗಕ್ಕೆ ಹಾನಿಮಾಡಿ ಬಳಿಕ ಪರಿತಪಿಸಬೇಕಾದೀತು ಎಂದು ಸತ್ಯವಿಶ್ವಾಸಿಗಳಿಗೆ ಎಚ್ಚರಿಕೆ ನೀಡಲಾಗಿದೆ (ಅಲ್ ಹುಜುರಾತ್: 6). ಬನೂ ಮುಸ್ತಲಿಕ್ ಗೋತ್ರದಿಂದ ಝಕಾತ್ ತರಲು ಹೋದವರೊಬ್ಬರು ಆ ಜನರು ಝಕಾತ್ ಕೊಡಲು ನಿರಾಕರಿಸಿದರೆಂದು ತಪ್ಪು ಸುದ್ದಿ ತಂದ ಸಂದರ್ಭವನ್ನು ಹೆಚ್ಚಿನ ವ್ಯಾಖ್ಯಾನಕಾರರು ಈ ಸೂಕ್ತದ ಹಿನ್ನೆಲೆಯಾಗಿ ಉಲ್ಲೇಖಿಸಿದ್ದಾರೆ. ಅಂದು ಆ ಮಾತನ್ನು ಹಾಗೆಯೇ ನಂಬಿದ್ದರೆ ಯುದ್ಧವೇ ನಡೆದುಹೋಗುತ್ತಿತ್ತು. ಇಲ್ಲಿ ಬಂದ ಸುದ್ದಿಯನ್ನು ಕಣ್ಣುಮುಚ್ಚಿ ತಳ್ಳಿಹಾಕಬೇಕೆಂಬ ಆದೇಶವಿಲ್ಲ ಎಂಬುದು ಗಮನಾರ್ಹ. ನಂಬುವುದೂ ಅಲ್ಲ, ತಳ್ಳುವುದೂ ಅಲ್ಲ, ವಿಚಾರಿಸುವುದು. ಈ ಮೂರನೆಯ ದಾರಿ ಎಲ್ಲಕ್ಕಿಂತ ಶ್ರಮದ್ದು. ಆದ್ದರಿಂದಲೇ ನಾವು ಅದರಿಂದ ತಪ್ಪಿಸಿಕೊಳ್ಳುತ್ತೇವೆ.

ವಿಚಾರಿಸುವುದೆಂದರೆ ಹೇಗೆಂದು ಹಝ್ರತ್ ಉಮರ್(ರ) ತೋರಿಸಿಕೊಟ್ಟಿದ್ದಾರೆ. ಪ್ರವಾದಿವರ್ಯರು(ಸ) ತಮ್ಮ ಪತ್ನಿಯರಿಗೆಲ್ಲ ತಲಾಖ್ ಕೊಟ್ಟರೆಂಬ ಸುದ್ದಿ ಒಮ್ಮೆ ಮದೀನಾದಲ್ಲಿ ಹಬ್ಬಿತು. ಅದನ್ನು ಉಮರ್(ರ)ರ ಬಾಗಿಲಿಗೆ ತಂದವರು ಶತ್ರುಗಳಲ್ಲ, ಅವರ ನೆರೆಮನೆಯ ಅನ್ಸಾರಿ ಸಹಾಬಿ. ಮಸೀದಿಗೆ ಬಂದು ನೋಡಿದರೆ ಅಲ್ಲಿ ಜನ ದುಃಖದಿಂದ ಕುಳಿತಿದ್ದಾರೆ, ಎಲ್ಲರ ಬಾಯಲ್ಲೂ ಅದೇ ಮಾತು. ಇಷ್ಟು ಜನ ಸಜ್ಜನರು ಹೇಳುತ್ತಿರುವಾಗ ಇನ್ನೇನು ಬೇಕು ಎಂದು ನಮ್ಮಂಥವರು ನಂಬಿಬಿಡುತ್ತಿದ್ದೆವು. ಉಮರ್(ರ) ಹಾಗೆ ಮಾಡಲಿಲ್ಲ. ಸುದ್ದಿ ಯಾರಿಗೆ ಸಂಬಂಧಿಸಿದ್ದೋ ಅವರ ಬಳಿಗೇ ಹೋದರು. ಒಳಗೆ ಬರಲು ಅನುಮತಿ ಕೇಳಿದರು, ಸಿಗಲಿಲ್ಲ. ಮತ್ತೆ ಕೇಳಿದರು, ಸಿಗಲಿಲ್ಲ. ಮೂರನೆಯ ಸಲ ಅನುಮತಿ ದೊರೆತಾಗ ನೇರವಾಗಿ ಪ್ರಶ್ನಿಸಿದರು. ಇಲ್ಲ ಎಂಬ ಉತ್ತರ ಬಂತು. ಪ್ರವಾದಿವರ್ಯರು(ಸ) ಒಂದು ತಿಂಗಳ ಕಾಲ ಪತ್ನಿಯರಿಂದ ದೂರವಿರಲು ನಿರ್ಧರಿಸಿದ್ದರು, ಅಷ್ಟೇ. ನಡೆದದ್ದು ಒಂದು, ಜನರ ಬಾಯಲ್ಲಿ ಆದದ್ದು ಇನ್ನೊಂದು. ಉಮರ್(ರ) ಕೂಡಲೇ ಮಸೀದಿಯ ಬಾಗಿಲಲ್ಲಿ ನಿಂತು ಸತ್ಯವನ್ನು ಗಟ್ಟಿಯಾಗಿ ಸಾರಿದರು. ಶಾಂತಿಯ ಅಥವಾ ಭೀತಿಯ ಸುದ್ದಿ ಸಿಕ್ಕೊಡನೆ ಅದನ್ನು ಹರಡಿಬಿಡುವವರನ್ನು ಆಕ್ಷೇಪಿಸಿ, ಅದನ್ನು ಪ್ರವಾದಿಯ ಮತ್ತು ಹೊಣೆಯರಿತವರ ಮುಂದೆ ಇಡಬೇಕಿತ್ತೆಂದು ತಿಳಿಸುವ ಸೂಕ್ತವು (ಅನ್ನಿಸಾ: 83) ಈ ಸಂದರ್ಭಕ್ಕೆ ಸಂಬಂಧಿಸಿದ್ದೆಂದು ಸಹೀಹ್ ಮುಸ್ಲಿಮ್‌ನ ವರದಿಯಲ್ಲಿದೆ.

ಹಝ್ರತ್ ಆಇಶಾ(ರ)ರ ಮೇಲೆ ಹೊರಿಸಲಾದ ಸುಳ್ಳಾರೋಪದ ಕುರಿತ ಸೂಕ್ತಗಳಲ್ಲಿ ಒಂದು ವಿಶಿಷ್ಟ ಪ್ರಯೋಗವಿದೆ. ಮಾತನ್ನು ಕೇಳಿಸಿಕೊಳ್ಳುವುದು ಕಿವಿ. ಆದರೆ ಆ ಜನರು ಅದನ್ನು ನಾಲಗೆಗಳಿಂದ ಸ್ವೀಕರಿಸಿದರೆಂದು ಅಲ್ಲಾಹನು ಹೇಳುತ್ತಾನೆ (ಅನ್ನೂರ್: 15). ಕಿವಿಗೂ ನಾಲಗೆಗೂ ನಡುವೆ ಬುದ್ಧಿಗೆ ನಿಲ್ಲಲು ಜಾಗವೇ ಸಿಗಲಿಲ್ಲ! ಅದನ್ನು ಅವರು ಸಣ್ಣ ವಿಷಯವೆಂದು ಭಾವಿಸಿದ್ದರು, ಅಲ್ಲಾಹನ ಬಳಿ ಅದು ಬಹಳ ದೊಡ್ಡದಾಗಿತ್ತು. ನಮ್ಮ ಕಾಲದಲ್ಲಿ ನಾಲಗೆಯ ಕೆಲಸವನ್ನು ಹೆಬ್ಬೆರಳು ವಹಿಸಿಕೊಂಡಿದೆ.

ಹೆಬ್ಬೆರಳು ಏನು ಮಾಡಬಲ್ಲದೆಂಬುದನ್ನು ತಿಳಿಯಲು ನಾವು ಹೆಚ್ಚು ದೂರ ಹೋಗಬೇಕಾಗಿಲ್ಲ. 2018ರ ಜುಲೈ 13, ಶುಕ್ರವಾರ. ಹೈದರಾಬಾದಿನ ಕೆಲವು ಯುವಕರು ನಮ್ಮ ಔರಾದ್ ಭಾಗದ ಸ್ನೇಹಿತನೊಬ್ಬನ ಊರಿಗೆ ಬಂದಿದ್ದರು. ಕತಾರಿನಿಂದ ಬಂದ ಒಬ್ಬ ಅತಿಥಿಯೂ ಅವರೊಂದಿಗಿದ್ದರು. ದಾರಿಯಲ್ಲಿ ಕಾರು ನಿಲ್ಲಿಸಿ ಶಾಲೆಯಿಂದ ಬರುತ್ತಿದ್ದ ಮಕ್ಕಳಿಗೆ ಚಾಕಲೇಟು ಕೊಟ್ಟರು. ಅಷ್ಟೇ ಅವರು ಮಾಡಿದ್ದು. ಮಕ್ಕಳ ಕಳ್ಳರು ಬಂದಿದ್ದಾರೆಂದು ಜನ ಸೇರಿದರು, ಯುವಕರು ಕಾರು ಹತ್ತಿ ಹೊರಟರು. ಆದರೆ ಕಾರಿಗಿಂತ ಮುಂಚೆ ಮುರ್ಕಿ ಗ್ರಾಮಕ್ಕೆ ವಾಟ್ಸ್‌ಆ್ಯಪ್‌ನಲ್ಲಿ ಅವರ ಚಿತ್ರ, ಸುದ್ದಿ ಎರಡೂ ತಲುಪಿದ್ದವು. ದಾರಿಯನ್ನು ಅಡ್ಡಗಟ್ಟಲಾಯಿತು, ಕಾರು ಉರುಳಿತು, ನೂರಾರು ಜನ ಮುತ್ತಿದರು. ತಡೆಯಲು ಬಂದ ಪೊಲೀಸರೂ ಗಾಯಗೊಂಡರು. 32 ವರ್ಷದ ಒಬ್ಬ ಇಂಜಿನಿಯರ್ ಪ್ರಾಣ ಬಿಟ್ಟರು. ಬಳಿಕ 30ಕ್ಕೂ ಹೆಚ್ಚು ಮಂದಿಯ ಬಂಧನವಾಯಿತು. ವಾಟ್ಸ್‌ಆ್ಯಪ್ ಗುಂಪೊಂದರ ಮುಖ್ಯಸ್ಥನೂ ಅವರಲ್ಲಿದ್ದ.

ಮುರ್ಕಿಯ ಜನ ಹುಟ್ಟು ಕ್ರೂರಿಗಳಲ್ಲ. ಆ ವರ್ಷ ಮೋಟಾರ್ ಸೈಕಲಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ಒಂದು ವಿಡಿಯೋ ದೇಶದಾದ್ಯಂತ ಹರಿದಾಡಿತ್ತು. ವಾಸ್ತವದಲ್ಲಿ ಅದು ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಮರಳಿ ತಂದು ಬಿಟ್ಟು, ಎಚ್ಚರಿಕೆಯ ಬರಹ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ತಿಂಗಳುಗಟ್ಟಲೆ ಅಂಥದ್ದನ್ನೇ ನೋಡಿದ ತಂದೆತಾಯಂದಿರ ಕಣ್ಣಿಗೆ ಚಾಕಲೇಟು ಕೊಡುವ ಅಪರಿಚಿತನು ಅತಿಥಿಯಾಗಿ ಕಾಣುವುದಾದರೂ ಹೇಗೆ? ಇದನ್ನು ಒಂದು ಸಮುದಾಯದ ಮೇಲಿನ ದ್ವೇಷ ಎಂದಷ್ಟೇ ನೋಡುವವರಿಗೆ ನನ್ನದೊಂದು ಮಾತು. ಅದೇ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಇದೇ ವದಂತಿಗೆ ಬಲಿಯಾದ ಐವರು ಭಿಕ್ಷೆ ಬೇಡಿ ಬದುಕುವ ಅಲೆಮಾರಿ ಗೋಸಾವಿಗಳು. ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸತ್ತವನು ರಾಜಸ್ಥಾನದಿಂದ ಕೂಲಿಗಾಗಿ ಬಂದವನು. ಸುಳ್ಳು ಸುದ್ದಿಗೆ ಸಿಕ್ಕಿದವರೆಲ್ಲರೂ ಮರ್ದಿತರೇ. ಮುರ್ಕಿಯ ಘಟನೆಯಾದ ಒಂದು ವಾರದೊಳಗೆ ಆ ಕಂಪೆನಿ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಮ್ಮೆಲೇ ಐದು ಕಡೆಗಳಿಗೆ ಮಾತ್ರ ದಾಟಿಸಬಹುದೆಂಬ ಮಿತಿಯನ್ನು ಪ್ರಕಟಿಸಿತು. ಐದು ಕಡೆಗೆ ಸುಳ್ಳನ್ನು ದಾಟಿಸುವುದು ಮಾತ್ರ ಯಾರ ಕಾನೂನಿನಲ್ಲಿ ಹಲಾಲ್ ಆದೀತು?

2020ರಲ್ಲಿ ನಿಝಾಮುದ್ದೀನ್ ಪ್ರಕರಣದ ನಂತರ ಸಂಬಂಧವಿಲ್ಲದ ಹಳೆಯ ವಿಡಿಯೋಗಳನ್ನು ತೋರಿಸಿ, ಮುಸ್ಲಿಮರು ಉದ್ದೇಶಪೂರ್ವಕವಾಗಿ ರೋಗ ಹರಡುತ್ತಿದ್ದಾರೆಂದು ಪ್ರಚಾರ ಮಾಡಲಾಯಿತು. ನಮಗೆ ನೋವಾಯಿತು, ವಿಚಾರಿಸದೆ ನಂಬುವವರನ್ನು ನಾವು ದೂರಿದೆವು. ಅದರ ಮರುವರ್ಷ ಲಸಿಕೆ ಹಾಕಿಸಿಕೊಂಡರೆ ಮಕ್ಕಳಾಗುವುದಿಲ್ಲವೆಂಬ ಸಂದೇಶ ಬಂದಾಗ ನಮ್ಮ ಎಷ್ಟು ಮನೆಗಳಲ್ಲಿ ಅದನ್ನು ವಿಚಾರಿಸಲಾಯಿತು? ಒಬ್ಬ ವೈದ್ಯರನ್ನು ಕೇಳಿದವರೆಷ್ಟು ಮಂದಿ?

ಧರ್ಮದ ಹೆಸರಿನಲ್ಲಿ ಬರುವ ಬರಹಗಳ ಸ್ಥಿತಿ ಇದಕ್ಕಿಂತ ಶೋಚನೀಯ. ರಮಝಾನಿನ ಸುದ್ದಿಯನ್ನು ಮೊದಲು ತಿಳಿಸಿದವನಿಗೆ ನರಕ ನಿಷಿದ್ಧವಾಗುತ್ತದೆಂಬ ಒಂದು 'ಹದೀಸ್' ಪ್ರತಿವರ್ಷ ಶಅಬಾನ್ ತಿಂಗಳಲ್ಲಿ ತಪ್ಪದೆ ಬರುತ್ತದೆ. ಹದೀಸಿನ ಯಾವ ವಿಶ್ವಾಸಾರ್ಹ ಗ್ರಂಥದಲ್ಲೂ ಅದಿಲ್ಲ. ಮದೀನಾದ ಶೈಖ್ ಅಹ್ಮದ್ ಎಂಬವರು ಕಂಡ ಕನಸಿನ ಕಥೆಯಂತೂ ನಮ್ಮ ಅಜ್ಜಂದಿರ ಕಾಲದ್ದು. ಇಷ್ಟು ಪ್ರತಿ ಹಂಚಿದರೆ ಲಾಭ, ಹಂಚದಿದ್ದರೆ ಹಾನಿ ಎಂದು ಹೆದರಿಸುವ ಆ ಕರಪತ್ರವನ್ನು ಶೈಖ್ ಇಬ್ನ್ ಬಾಝ್‌ರಂಥ ವಿದ್ವಾಂಸರು ಸುಳ್ಳೆಂದು ಬರೆದು ದಶಕಗಳೇ ಕಳೆದವು. ಕರಪತ್ರ ಹೋಯಿತು, ಪೋಸ್ಟ್ ಕಾರ್ಡ್ ಹೋಯಿತು, ಕಥೆ ಮಾತ್ರ ಮೊಬೈಲಿಗೆ ಬಂದು ಕುಳಿತಿದೆ.

ಇದನ್ನು ಕಳುಹಿಸುವವರು ಕೆಟ್ಟವರಲ್ಲ, ಒಳ್ಳೆಯ ಉದ್ದೇಶದವರು ಎಂದು ಕೆಲವರು ಸಮರ್ಥಿಸುತ್ತಾರೆ. ಈ ವಾದ ಹೊಸದೇನಲ್ಲ. ಹದೀಸಿನ ವಿಷಯದಲ್ಲಿ ಸಜ್ಜನರ ಬಾಯಿಂದ ಹೊರಟಷ್ಟು ಸುಳ್ಳು ಬೇರೆ ಕಡೆ ಕಾಣಸಿಗದೆಂದು ಹಿಂದಿನ ಮುಹದ್ದಿಸರಾದ ಯಹ್ಯಾ ಬಿನ್ ಸಈದ್ ಅಲ್ ಕತ್ತಾನ್ ಹೇಳಿದ್ದರು. ಅವರು ಬೇಕೆಂದೇ ಸುಳ್ಳು ಹೇಳುವುದಿಲ್ಲ, ಅವರ ನಾಲಗೆಯ ಮೇಲೆ ಅದು ತಾನಾಗಿ ಹರಿಯುತ್ತದೆ ಎಂದು ಇಮಾಮ್ ಮುಸ್ಲಿಮ್ ವಿವರಿಸಿದ್ದಾರೆ. ಸಾಧುತನ ಬೇರೆ, ತಿಳುವಳಿಕೆ ಬೇರೆ. ಆದ್ದರಿಂದ ಮುಹದ್ದಿಸರು ಗಡ್ಡದ ಉದ್ದವನ್ನೋ ಕಣ್ಣೀರನ್ನೋ ನೋಡಿ ಹದೀಸ್ ಸ್ವೀಕರಿಸಲಿಲ್ಲ. ಇವರು ಯಾರಿಂದ ಕೇಳಿದರು, ಅವರು ಯಾರಿಂದ ಕೇಳಿದರು, ಇಬ್ಬರೂ ಪರಸ್ಪರ ಭೇಟಿಯಾಗಿದ್ದರೇ, ಜ್ಞಾಪಕಶಕ್ತಿ ಹೇಗಿತ್ತು ಎಂದು ಕೊಂಡಿ ಕೊಂಡಿಯಾಗಿ ಪರೀಕ್ಷಿಸಿದರು. ಆರಂಭದಲ್ಲಿ ಜನ ಸನದನ್ನು ಕೇಳುತ್ತಿರಲಿಲ್ಲ, ಸಮುದಾಯದಲ್ಲಿ ಕ್ಷೋಭೆ ಎದ್ದ ಬಳಿಕ ವರದಿಗಾರರ ಹೆಸರು ಹೇಳಿರೆಂದು ಕೇಳತೊಡಗಿದರು ಎಂದು ಇಬ್ನ್ ಸೀರೀನ್ ತಿಳಿಸಿದ್ದಾರೆ. ಕೇಳಿದ್ದನ್ನೆಲ್ಲ ಹೇಳಿಬಿಡುವುದೇ ಒಬ್ಬನು ಸುಳ್ಳುಗಾರನೆನಿಸಲು ಸಾಕೆಂಬ ಪ್ರವಾದಿ ವಚನವನ್ನು ಇಮಾಮ್ ಮುಸ್ಲಿಮ್ ತಮ್ಮ ಗ್ರಂಥದ ಪೀಠಿಕೆಯಲ್ಲೇ ಇಟ್ಟಿದ್ದಾರೆ. ಬಂದ ಸಂದೇಶದಲ್ಲಿ ಗ್ರಂಥದ ಹೆಸರು ಇದೆಯೇ, ಹದೀಸಿನ ಸಂಖ್ಯೆ ಇದೆಯೇ, ಆ ಗ್ರಂಥದಲ್ಲಿ ಅದು ಸಿಗುತ್ತದೆಯೇ? ನಮಗೆ ನೋಡಲು ಬಾರದಿದ್ದರೆ ಊರಿನ ಇಮಾಮರನ್ನೋ ಮದ್ರಸದ ಉಸ್ತಾದರನ್ನೋ ಕೇಳಬಹುದು. ಗೊತ್ತಿಲ್ಲ, ನೋಡಿ ಹೇಳುತ್ತೇನೆ ಎಂದು ಉತ್ತರಿಸುವ ಉಸ್ತಾದರು ಸಿಕ್ಕರೆ ಅವರನ್ನು ಬಿಡಬೇಡಿ.

ಇನ್ನೊಂದು ತಪ್ಪು ಇದರ ನೇರ ವಿರುದ್ಧ ದಿಕ್ಕಿನದು. ಬರೆದವನ ಹೆಸರನ್ನು ಅಥವಾ ಅವನ ಜಮಾಅತನ್ನು ನೋಡಿಯೇ ಎರಡನೆಯ ವಾಕ್ಯಕ್ಕೂ ಹೋಗದೆ ತೀರ್ಪು ಕೊಡುವುದು. ನಮ್ಮವನಾದರೆ ಓದದೆಯೇ ಮಾಶಾ ಅಲ್ಲಾಹ್, ಬೇರೆಯವನಾದರೆ ಓದದೆಯೇ ಗುಮ್ರಾಹ್! ರಮಝಾನಿನ ಝಕಾತಿನ ಧಾನ್ಯವನ್ನು ಕಾಯುತ್ತಿದ್ದ ಹಝ್ರತ್ ಅಬೂ ಹುರೈರಾ(ರ)ರಿಗೆ ಮೂರು ರಾತ್ರಿ ಕದಿಯಲು ಬಂದವನು ಕೊನೆಗೆ, ಮಲಗುವಾಗ ಆಯತುಲ್ ಕುರ್ಸೀ ಓದುವುದರ ಪ್ರಯೋಜನವನ್ನು ಹೇಳಿಕೊಟ್ಟನು. ಪ್ರವಾದಿವರ್ಯರು(ಸ) ಅವನು ಶೈತಾನನೆಂದೂ, ಮಹಾ ಸುಳ್ಳುಗಾರನಾದರೂ ಈ ಮಾತನ್ನು ನಿಜವೇ ಹೇಳಿದನೆಂದೂ ತಿಳಿಸಿದರೆಂದು ಬುಖಾರಿಯಲ್ಲಿದೆ. ಹೇಳಿದವನನ್ನು ಒಂದು ತಕ್ಕಡಿಯಲ್ಲಿ, ಹೇಳಿದ ಮಾತನ್ನು ಇನ್ನೊಂದು ತಕ್ಕಡಿಯಲ್ಲಿ ತೂಗುವ ಈ ನ್ಯಾಯ ನಮ್ಮ ಓದಿನಲ್ಲಿ ಎಲ್ಲಿದೆ? ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ಅನ್ಯಾಯಕ್ಕೆ ಎಳೆಯದಿರಲಿ ಎಂಬ ಆದೇಶ (ಅಲ್ ಮಾಇದಾ: 8) ಓದುಗನಿಗೂ ಅನ್ವಯಿಸುತ್ತದೆ.

ಕುಟುಂಬದಲ್ಲಿ ಇದನ್ನು ಆಚರಣೆಗೆ ತರುವಾಗ ಒಂದು ತೊಡಕು ಎದುರಾಗುತ್ತದೆ. ಸುಳ್ಳು ಸಂದೇಶ ಕಳುಹಿಸುವವರು ಬಹುತೇಕ ಹಿರಿಯರು, ಅದು ಸುಳ್ಳೆಂದು ತಿಳಿಯುವವರು ಬಹುತೇಕ ಕಿರಿಯರು. ಎಲ್ಲರೂ ನೋಡುತ್ತಿರುವಲ್ಲಿ "ಚಾಚಾ, ಇದು ಸುಳ್ಳು" ಎಂದು ಬರೆದ ಹುಡುಗ ಸತ್ಯವನ್ನೇ ಹೇಳಿದರೂ ಚಾಚಾರನ್ನು ಕಳೆದುಕೊಳ್ಳುತ್ತಾನೆ, ಚಾಚಾ ಮರುದಿನ ಹಟದಿಂದ ಇನ್ನೆರಡು ಕಳುಹಿಸುತ್ತಾರೆ. ಅಸ್ರ್ ನಮಾಝಿನ ಬಳಿಕ ಅವರ ಪಕ್ಕದಲ್ಲಿ ಕುಳಿತು, "ಚಾಚಾ, ನೀವು ಕಳಿಸಿದ್ದು ಯಾವ ಕಿತಾಬಿನಲ್ಲಿದೆಯೋ ಹುಡುಕಿದೆ, ನನಗೆ ಸಿಗಲಿಲ್ಲ. ಮೌಲಾನಾರನ್ನು ಕೇಳೋಣವೇ?" ಎಂದರೆ ಹೆಚ್ಚಿನ ಹಿರಿಯರು ಬರುತ್ತಾರೆ. ಹಿರಿಯರಾದರೂ ಮೊಮ್ಮಗಳ ಪ್ರಶ್ನೆಯನ್ನು ಬೇಅದಬಿ ಎಂದು ಭಾವಿಸಬಾರದು. ಅವಳು ಕೇಳುತ್ತಿರುವುದು ಸನದನ್ನು.

ಈಗಾಗಲೇ ಕಳುಹಿಸಿಬಿಟ್ಟಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಉಳಿಯುತ್ತದೆ. ಹಲವರು ಸದ್ದಿಲ್ಲದೆ ಅಳಿಸಿ ಸುಮ್ಮನಾಗುತ್ತಾರೆ. ಆದರೆ ಸತ್ಯವನ್ನು ಬಚ್ಚಿಟ್ಟವರ ತೌಬಾವನ್ನು ಪ್ರಸ್ತಾಪಿಸುವಾಗ ಕುರ್‌ಆನ್ ಮೂರು ಸಂಗತಿಗಳನ್ನು ಜೊತೆಯಾಗಿ ಹೇಳಿದೆ: ಪಶ್ಚಾತ್ತಾಪಪಟ್ಟು ಮರಳುವುದು, ಸರಿಪಡಿಸುವುದು, ಸ್ಪಷ್ಟವಾಗಿ ವಿವರಿಸಿ ತಿಳಿಸುವುದು (ಅಲ್ ಬಕರಾ: 160). ವಿದ್ವಾಂಸರು ಇದರಿಂದ ತಪ್ಪು ಬಹಿರಂಗವಾಗಿದ್ದರೆ ತಿದ್ದುಪಡಿಯೂ ಬಹಿರಂಗವಾಗಿರಬೇಕೆಂದು ಗ್ರಹಿಸಿದ್ದಾರೆ. ಅಂದರೆ ಆ ಸಂದೇಶ ಯಾವ ಯಾವ ಗುಂಪುಗಳಿಗೆ ಹೋಗಿತ್ತೋ ಅದೇ ಗುಂಪುಗಳಿಗೆ, ನಾನು ಕಳುಹಿಸಿದ ಇಂಥ ಮಾತು ಸರಿಯಲ್ಲ, ಸರಿಯಾದ ವಿಷಯ ಹೀಗಿದೆ ಎಂದು ಹೆಸರಿನೊಂದಿಗೆ ಬರೆದು ಕಳುಹಿಸಬೇಕು. ಅದರಲ್ಲಿ ಯಾರಾದರೂ ಒಬ್ಬ ವ್ಯಕ್ತಿಯ ಮಾನಕ್ಕೆ ಧಕ್ಕೆಯಾಗಿದ್ದರೆ ಇಷ್ಟೂ ಸಾಲದು. ಅವರ ಮನೆಗೆ ಹೋಗಿ ಕ್ಷಮೆ ಕೇಳಬೇಕು, ಏಕೆಂದರೆ ಅದು ದಾಸರ ಹಕ್ಕು, ಅವರು ಕ್ಷಮಿಸುವವರೆಗೆ ಅದು ನಮ್ಮ ಕೊರಳಲ್ಲೇ ಇರುತ್ತದೆ.